ಟವರ್‌ನಲ್ಲಿ ಮಗು ಇದ್ದರೆ ಏನು ತಪ್ಪು?

ಪ್ರಶ್ನೆ: 2010ರಲ್ಲಿ ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದ ಟವರ್‌ಗೆ, ಅಲ್ಲಿಂದ ವಿಮಾನಗಳಿಗೆ ಆದೇಶ ಕೊಡುವ ಕಂಟ್ರೋಲರ್ ಒಬ್ಬರು ಮಗನನ್ನು ಕರೆದೊಯ್ದು ಮೈಕ್ ಕೊಟ್ಟಿದ್ದರಂತೆ. ಅಪ್ಪ ಹೇಳಿಕೊಟ್ಟದ್ದನ್ನೇ ಹುಡುಗ ಪೈಲಟ್‌ಗಳಿಗೆ ಹೇಳಿದ. ಯಾರಿಗೂ ಏನೂ ಆಗಲಿಲ್ಲ. ಆದರೂ ಅಪ್ಪನನ್ನು ಸಸ್ಪೆಂಡ್ ಮಾಡಿದರು. ನಮ್ಮಪ್ಪ ರೈಲ್ವೆ ಡ್ರೈವರ್. ನಾನು ಸಣ್ಣವಳಿದ್ದಾಗ ಯಾರ್ಡಿನಲ್ಲಿ ಎಂಜಿನ್ ಹತ್ತಿಸಿ ಸೀಟಿ ಹೊಡೆಸಿದ್ದರು. ಅದೂ ತಪ್ಪಾ?
– ಓದುಗರೊಬ್ಬರು, ಗದಗ ರಸ್ತೆ, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೆ, ನಿಮ್ಮಪ್ಪನನ್ನು ಈ ಕೇಸಿಗೆ ಎಳೆಯುವುದು ಬೇಡ. ಆ ಎಂಜಿನ್ ಯಾರ್ಡಿನಲ್ಲಿ ನಿಂತಿತ್ತು. ಹಿಂದೆ ಪ್ರಯಾಣಿಕರಿರಲಿಲ್ಲ.

ನ್ಯೂಯಾರ್ಕ್‌ನಲ್ಲಿ ವಿಮಾನಗಳು ಹೊರಡುತ್ತಿದ್ದವು. ಪೈಲಟ್‌ಗಳೂ ನಕ್ಕು ಖುಷಿಪಟ್ಟರು, ನಿಜ. ಆದರೆ ಟವರ್‌ನಿಂದ ಆದೇಶ ಕೊಟ್ಟರೆ ಕೆಲಸ ಅರ್ಧ ಮಾತ್ರ ಮುಗಿಯುತ್ತದೆ. ಪೈಲಟ್ ಅದನ್ನು ತಿರುಗಿ ಹೇಳಬೇಕು, ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ರನ್‌ವೇ ನಂಬರ್ ಬದಲಾಗಿದ್ದರೆ, ಇನ್ನೊಂದು ವಿಮಾನದವನು ತನಗೇ ಹೇಳಿದ್ದು ಅಂದುಕೊಂಡು ಉತ್ತರ ಕೊಟ್ಟಿದ್ದರೆ, ತಪ್ಪು ಸಿಕ್ಕಿಬೀಳುವುದು ಅಲ್ಲೇ. ಮಗ ಮೈಕ್ ಹಿಡಿದಾಗ ಅಪ್ಪನ ಕಿವಿ ಎಲ್ಲಿರುತ್ತದೆ ಹೇಳಿ? ಮಗ ಸರಿಯಾಗಿ ಹೇಳಿದನಾ ಅನ್ನುವುದರ ಕಡೆಗೆ. ನನ್ನ ತಕರಾರು ಇಷ್ಟೇ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸುಮ್ನೆ ನೋಡುತ್ತಾ ನಿಂತಿದ್ದ ಸೂಪರ್‌ವೈಸರ್ ಮೇಲೆ ಸ್ವಲ್ಪ ಜಾಸ್ತಿಯೇ ಇದೆ. ಅವರನ್ನೂ ಸಸ್ಪೆಂಡ್ ಮಾಡಿದ್ದು ಸರಿ.

‘ಏನೂ ಆಗಲಿಲ್ಲ’ ಅಂತ ಬರೆದಿದ್ದೀರಿ. ಏನಾದರೂ ಆದರೆ ಹೇಗಿರುತ್ತದೆ ಅನ್ನುವುದಕ್ಕೆ 1994ರ ಮಾರ್ಚ್ 23ರ ರಾತ್ರಿ ಇದೆ. ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ಏರೋಫ್ಲಾಟ್‌ನ ಏರ್‌ಬಸ್ ಎ310. ಪೈಲಟ್ ತನ್ನ ಮಗಳನ್ನು, ಆಮೇಲೆ 15 ವರ್ಷದ ಮಗನನ್ನು ತನ್ನ ಸೀಟಿನಲ್ಲಿ ಕೂರಿಸಿದ. ವಿಮಾನವನ್ನು ತಾನೇ ನಡೆಸುವ ಆಟೊಪೈಲಟ್ ಆನ್ ಇದೆಯಲ್ಲ ಅನ್ನುವ ಧೈರ್ಯ. ಹುಡುಗ ಸುಮಾರು ಅರ್ಧ ನಿಮಿಷ ಸ್ಟಿಯರಿಂಗನ್ನು ಒತ್ತಿ ತಿರುಗಿಸಿದ. ರೆಕ್ಕೆಗಳನ್ನು ಸಮ ಹಿಡಿಯುವ ಕೆಲಸವನ್ನು ಆಟೊಪೈಲಟ್ ಕೈಬಿಟ್ಟಿತು. ಒಂದು ದೀಪ ಹೊತ್ತಿತು, ಸದ್ದಾಗಲಿಲ್ಲ. ದೊಡ್ಡವರು ಯಾರೂ ನೋಡಲಿಲ್ಲ. ವಿಮಾನ ತಾನಾಗೇ ತಿರುಗುತ್ತಿದೆಯಲ್ಲ ಅಂತ ಮೊದಲು ಕೇಳಿದ್ದು ಆ ಹುಡುಗನೇ! ಅವರು ಎಚ್ಚೆತ್ತು ಸರಿಪಡಿಸಲು ಹೋಗುವಷ್ಟರಲ್ಲಿ ವಿಮಾನ ಹಿಡಿತ ತಪ್ಪಿತ್ತು. ಸೈಬೀರಿಯಾದ ಬೆಟ್ಟಕ್ಕೆ ಬಿದ್ದು, ಇದ್ದ 75 ಜನರೂ ಸತ್ತರು.

ದೊಡ್ಡವರಾದರೆ ಪರವಾಗಿಲ್ಲವಾ? ಅದೂ ಇಲ್ಲ. 2023ರಲ್ಲಿ ಏರ್ ಇಂಡಿಯಾದ ದುಬೈ–ದೆಹಲಿ ವಿಮಾನದ ಪೈಲಟ್ ಒಬ್ಬರು ಗೆಳತಿಯನ್ನು ಕಾಕ್‌ಪಿಟ್‌ಗೆ ಕರೆದಿದ್ದಕ್ಕೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿತು. ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಬಿತ್ತು.

ಹಾಗಂತ ಮಕ್ಕಳಿಗೆ ಇದನ್ನೆಲ್ಲ ತೋರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ತೋರಿಸುವವರು ಡ್ಯೂಟಿಯಲ್ಲಿರುವ ಅಪ್ಪ ಆಗಿರಬಾರದು, ಅಷ್ಟೇ. ಅನುಮತಿ ಇರಲಿ, ಬೇರೊಬ್ಬ ಅಧಿಕಾರಿ ಜೊತೆಗಿರಲಿ, ಮಕ್ಕಳು ಮೈಕಿನಿಂದ ದೂರ ನಿಂತು ನೋಡಲಿ. ನಿಮ್ಮ ಮೊಮ್ಮಗ ಟವರ್ ನೋಡಬೇಕೆಂದು ಹಟ ಹಿಡಿದಿದ್ದಾನೆ ಅಂತಲೂ ಬರೆದಿದ್ದೀರಿ. ಶಾಲೆಯ ಮೂಲಕ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಒಂದು ಅರ್ಜಿ ಕೊಡಿಸಿ ನೋಡಿ. ಉತ್ತರ ಬರುವವರೆಗೆ ನಿಮ್ಮ ಗದಗ ರಸ್ತೆಯಲ್ಲೇ ರೈಲ್ವೆ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಕರೆದೊಯ್ಯಿರಿ.