ಅರ್ಧಾಯು 8 ದಿನ ಅಂದ್ರೆ 16 ದಿನಕ್ಕೆ ಪೂರ್ತಿ ಖಾಲಿಯಾಗಬೇಕಲ್ವಾ?

ನಿಮ್ಮ ಅತ್ತಿಗೆಗೆ ಥೈರಾಯ್ಡ್ ಚಿಕಿತ್ಸೆಗೆ ವಿಕಿರಣ ಸೂಸುವ ಅಯೋಡಿನ್-131 ಕೊಟ್ಟಿದ್ದಾರೆ, ಅದರ ಅರ್ಧಾಯು (ಅರ್ಧದಷ್ಟು ಪರಮಾಣುಗಳು ಬೇರೆ ಧಾತುವಾಗಿ ಬದಲಾಗಲು ಹಿಡಿಯುವ ಕಾಲ) 8 ದಿನ, ಹಾಗಾದರೆ 16 ದಿನಕ್ಕೆ ಎಲ್ಲ ಮುಗಿಯಬೇಕಲ್ವಾ ಅಂತ ಕೇಳಿದ್ದೀರಿ. ಯಾವ ಪರಮಾಣುವಿನ ಸರದಿ ಯಾವಾಗ ಅನ್ನೋದು ಹೇಗೆ ತೀರ್ಮಾನವಾಗುತ್ತದೆ ಅಂತಲೂ ಕೇಳಿದ್ದೀರಿ. ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಈ ಅಯೋಡಿನ್ ನನಗೆ ದಿನನಿತ್ಯದ ಮಾಲು.

ಮುಗಿಯುವುದಿಲ್ಲ. 16 ದಿನಕ್ಕೆ ಕಾಲು ಭಾಗ ಉಳಿದಿರುತ್ತದೆ, 24 ದಿನಕ್ಕೆ ಅರೆಕಾಲು, 32 ದಿನಕ್ಕೆ ವೀಸ.

ಯಾಕೆ ಅಂದರೆ ಪರಮಾಣುವಿಗೆ ವಯಸ್ಸಾಗುವುದಿಲ್ಲ. ನಮಗಾದರೆ ತೊಂಬತ್ತು ದಾಟಿದ ಮೇಲೆ ಪ್ರತಿ ವರ್ಷವೂ ಅಪಾಯ ಜಾಸ್ತಿ. ಅಯೋಡಿನ್-131 ಹಾಗಲ್ಲ. ನಿನ್ನೆ ಹುಟ್ಟಿದ್ದಿರಲಿ, ತಿಂಗಳಿಂದ ಉಳಿದುಕೊಂಡು ಬಂದದ್ದಿರಲಿ, ಮುಂದಿನ 8 ದಿನದಲ್ಲಿ ಅದು ಬದಲಾಗುವ ಸಾಧ್ಯತೆ ಅರ್ಧಕ್ಕರ್ಧ. ಯಾವುದರ ಸರದಿ ಯಾವಾಗ ಅಂತ ಮೊದಲೇ ಹೇಳಲು ಯಾವ ದಾರಿಯೂ ಇಲ್ಲ. ಕಾಯಿಸಿ, ಫ್ರಿಜ್‌ನಲ್ಲಿಡಿ, ಅಯೋಡಿನ್‌ಗೆ ಲೆಕ್ಕಕ್ಕೇ ಇಲ್ಲ.

ಹಾಗಿದ್ದರೂ ಗುಂಪಿನ ಲೆಕ್ಕ ಮಾತ್ರ ಪಕ್ಕಾ. ಒಂದು ಮಿಲಿಕ್ಯೂರಿ (ವಿಕಿರಣದ ಪ್ರಮಾಣ ಅಳೆಯುವ ಮಾನ) ಅಯೋಡಿನ್-131ರಲ್ಲಿ ಸುಮಾರು 37 ಲಕ್ಷ ಕೋಟಿ ಪರಮಾಣುಗಳಿರುತ್ತವೆ. ಸೆಕೆಂಡಿಗೆ 10 ಲಕ್ಷಕ್ಕೆ ಒಂದರಂತೆ, ಅಂದರೆ 3.7 ಕೋಟಿ, ಬದಲಾಗುತ್ತವೆ. ಅದಕ್ಕೇ ನಮಗೆ ಬರುವ ಸೀಸದ ಡಬ್ಬಿಯ ಮೇಲೆ ಬರೀ ಪ್ರಮಾಣ ಇರುವುದಿಲ್ಲ, ಅದು ಯಾವ ದಿನ ಎಷ್ಟು ಗಂಟೆಯ ಪ್ರಮಾಣ ಅಂತಲೂ ಬರೆದಿರುತ್ತದೆ. ಡೋಸ್ ಕೊಡುವ ಹೊತ್ತಿಗೆ ಎಷ್ಟು ಉಳಿದಿರಬೇಕು ಅಂತ ಲೆಕ್ಕ ಹಾಕಿ, ವಿಕಿರಣ ಅಳೆಯುವ ಮೀಟರಿನಲ್ಲಿ ಇಟ್ಟು ನೋಡಿದರೆ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ.

ಒಳಗೆ ಆಗುವುದೇನು? ನಮ್ಮ ಉಪ್ಪಿನಲ್ಲಿರುವ ಮಾಮೂಲಿ ಅಯೋಡಿನ್‌ನಲ್ಲಿ 53 ಪ್ರೋಟಾನ್, 74 ನ್ಯೂಟ್ರಾನ್. ಇದರಲ್ಲಿ ನ್ಯೂಟ್ರಾನ್ 78. ನಾಲ್ಕು ಜಾಸ್ತಿ, ಅದೇ ತಕರಾರು. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿಬಿಡುತ್ತದೆ. ಆ ಕ್ಷಣದಲ್ಲೇ ಹುಟ್ಟಿದ ಎಲೆಕ್ಟ್ರಾನ್ ಒಂದು ಹೊರಗೆ ಚಿಮ್ಮುತ್ತದೆ, ಇದೇ ಬೀಟಾ ಕಣ. ಜೊತೆಗೆ ಆಂಟಿನ್ಯೂಟ್ರಿನೋ ಕೂಡ ಹೊರಡುತ್ತದೆ, ಅದು ಯಾರ ಗೊಡವೆಗೂ ಹೋಗುವುದಿಲ್ಲ ಬಿಡಿ. ಈಗ ಪ್ರೋಟಾನ್ 54 ಆಯಿತು. ಅಂದರೆ ಅದು ಅಯೋಡಿನ್ ಅಲ್ಲ, ಕ್ಸೆನಾನ್ ಅನಿಲ. ಹೊಸ ಕ್ಸೆನಾನ್‌ನಲ್ಲಿ ಸಾಮಾನ್ಯವಾಗಿ ಇನ್ನೂ ಒಂದಿಷ್ಟು ಶಕ್ತಿ ಮಿಕ್ಕಿರುತ್ತದೆ, ಅದನ್ನು ಗಾಮಾ ಕಿರಣವಾಗಿ ಬಿಡುತ್ತದೆ. ಪರಮಾಣು ಎರಡು ಹೋಳಾಗುವುದು ರಿಯಾಕ್ಟರಿನ ಯುರೇನಿಯಂ ಕಥೆ, ಇಲ್ಲಿ ಹಾಗೇನೂ ಇಲ್ಲ.

ಚಿಕಿತ್ಸೆ ಮಾಡುವುದು ಆ ಬೀಟಾ ಕಣವೇ. ಮಾಂಸದಲ್ಲಿ ಅದು ಒಂದೆರಡು ಮಿಲಿಮೀಟರ್‌ಗಿಂತ ದೂರ ಹೋಗುವುದಿಲ್ಲ, ಹಾಗಾಗಿ ಥೈರಾಯ್ಡ್ ಹೀರಿಕೊಂಡ ಅಯೋಡಿನ್ ಅಲ್ಲಿನ ಜೀವಕೋಶಗಳನ್ನೇ ಸುಡುತ್ತದೆ. ಗಾಮಾ ಮಾತ್ರ ಮೈಯಿಂದ ಹೊರಗೂ ಬರುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವುದು ಅದೇ, ಮಕ್ಕಳು ಮತ್ತು ಗರ್ಭಿಣಿಯರಿಂದ ಕೆಲವು ದಿನ ದೂರ ಇರಿ ಅನ್ನುವುದೂ ಅದಕ್ಕೇ.

ಅತ್ತಿಗೆಯ ವಿಷಯದಲ್ಲಿ 8 ದಿನದ ಲೆಕ್ಕವನ್ನು ಹಾಗೇ ಹಾಕಬೇಡಿ. ಥೈರಾಯ್ಡ್ ಹಿಡಿದಿಟ್ಟುಕೊಳ್ಳದ ಅಯೋಡಿನ್ ಬಹುಪಾಲು ಮೊದಲ ಎರಡು ಮೂರು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಮೈಯಲ್ಲಿ ಅದು ಇನ್ನೂ ಬೇಗ ಇಳಿಯುತ್ತದೆ. ಎಷ್ಟು ದಿನ ಬೇರೆ ಮಲಗಬೇಕು ಅನ್ನೋದು ಡೋಸ್ ಮೇಲೆ ಹೋಗುತ್ತದೆ, ಅದನ್ನು ಡೋಸ್ ಕೊಟ್ಟ ವಿಭಾಗದವರನ್ನೇ ಕೇಳಿ.