ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇರುವವರ ತೂಕವನ್ನು ದಿನಾ ಮೊಬೈಲ್‌ನಲ್ಲಿ ಕಳಿಸಿ ಅಂತ ಡಾಕ್ಟರು ಯಾಕೆ ಹೇಳುತ್ತಾರೆ?

ಹೊಟ್ಟೆಯಲ್ಲಿ ನೀರು ತುಂಬುವುದನ್ನು ಕಣ್ಣಿಗಿಂತ ಮೊದಲು ತೂಕದ ಯಂತ್ರ ಹೇಳುತ್ತದೆ, ಅದಕ್ಕೆ.

ಲಿವರ್ ಗಟ್ಟಿಯಾದಾಗ ಅದರೊಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ಒತ್ತಡ ಏರುತ್ತದೆ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಡಾಕ್ಟರು ಹೊಟ್ಟೆ ತಟ್ಟಿ ಪತ್ತೆ ಹಚ್ಚಬೇಕಾದರೆ ಸುಮಾರು 1.5 ಲೀಟರ್ ಸೇರಿರಬೇಕು. ಮೂರೇ ದಿನದಲ್ಲಿ ತೂಕ 62ರಿಂದ 64ಕ್ಕೆ ಹೋದರೆ ಅದು ಊಟದಿಂದ ಬಂದ ಕೊಬ್ಬಲ್ಲ, ಬಹುಪಾಲು ನೀರೇ. ಆಗಲೇ ತಿಳಿದರೆ ಉಪ್ಪು, ಮಾತ್ರೆ ಸರಿಪಡಿಸಬಹುದು. ಆಸ್ಪತ್ರೆ ಸೇರುವುದು ಎಷ್ಟೋ ಸಲ ತಪ್ಪುತ್ತದೆ.

ತೂಕ ಬೇಗ ಇಳಿದರೂ ಅಪಾಯವೇ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವಾಗ, ಕಾಲಿನ ಬಾವು ಇಲ್ಲದವರಲ್ಲಿ ದಿನಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದಲ್ಲಿ ನೋಡಿ ವಾಟ್ಸಾಪ್ ಮಾಡಿದರೆ ಸಾಕು. ದುಬಾರಿ ಆ್ಯಪ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಕಡೆ ಸಂದೇಶ ಓದಿ ಫೋನ್ ಮಾಡುವ ಒಬ್ಬರು ನರ್ಸ್ ಇರಬೇಕು, ಮುಖ್ಯವಾದದ್ದು ಅದು.

ಆದರೆ ರೋಗಿ ಹಗಲೆಲ್ಲ ನಿದ್ದೆ ಮಾಡಿದರೆ, ಮಾತು ತೊದಲಿದರೆ, ಚಾಚಿದ ಅಂಗೈ ಪಟಪಟ ಬಡಿದುಕೊಂಡರೆ, ರಕ್ತ ವಾಂತಿಯಾದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ ಮೆಸೇಜ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.