ಹಾಲ್‌ನಲ್ಲಿ ಪಲ್ಲವಿ, ಅಡುಗೆಮನೇಲಿ ಅದರ ಎಕೋ: ರೂಟರ್ ಬದಲಾಯಿಸಿ ದುಡ್ಡು ಕಳ್ಕೋಬೇಡಿ

ಪ್ರಶ್ನೆ: ಸರ್, ಹಾಲ್‌ನಲ್ಲಿ ಒಂದು ನೆಟ್‌ವರ್ಕ್ ಪ್ಲೇಯರ್ ಇದೆ, ಅಡುಗೆಮನೇಲಿ ಬೇರೆ ಕಂಪನಿಯ ವೈಫೈ ಸ್ಪೀಕರ್. ಕಂಪ್ಯೂಟರ್‌ನಿಂದ ಡಿಎಲ್‌ಎನ್‌ಎ (ಮನೆ ನೆಟ್‌ವರ್ಕ್‌ನಲ್ಲಿ ಹಾಡು ಕಳಿಸೋ ಒಂದು ಪದ್ಧತಿ) ಮೂಲಕ ಎರಡಕ್ಕೂ ಒಂದೇ ಹಾಡು ಹಾಕಿದ್ರೆ ಶುರುವಲ್ಲೇ ಹಿಂದೆಮುಂದೆ ಆಗತ್ತೆ, ಬರ್ತಾ ಬರ್ತಾ ಜಾಸ್ತೀನೂ ಆಗತ್ತೆ. ಅಂಗಡಿಯವ್ರು ದೊಡ್ಡ ರೂಟರ್ ಹಾಕ್ಸಿ ಅಂತಾರೆ. ಹಾಕಿಸ್ಲಾ?

ಉತ್ತರ: ಹಾಕಿಸ್ಬೇಡಿ. ಈ ಪ್ರಶ್ನೆ ಎಷ್ಟು ಜನ ಕೇಳ್ತಾರೆ ಅಂದ್ರೆ, ಕೇಳೋ ಹೊತ್ತಿಗೆ ಅರ್ಧಕ್ಕರ್ಧ ಜನ ರೂಟರ್ ತಂದೂ ಆಗಿರತ್ತೆ, ಎಕೋ ಮಾತ್ರ ಹಾಗೇ ಇರತ್ತೆ. ಲೆಕ್ಕ ಹಾಕಿ ನೋಡಿ. ಸಿಡಿ ಕ್ವಾಲಿಟಿ ಹಾಡಿಗೆ ಬೇಕಾಗಿರೋದು ಸೆಕೆಂಡಿಗೆ 1,411 ಕಿಲೋಬಿಟ್, ಫ್ಲ್ಯಾಕ್ (ಕ್ವಾಲಿಟಿ ಕಳೀದೆ ಫೈಲ್ ಚಿಕ್ಕದು ಮಾಡೋ ರೀತಿ) ಮಾಡಿದ್ರೆ ಇನ್ನೂ ಕಮ್ಮಿ. ಏನೂ ಕಂಪ್ರೆಸ್ ಮಾಡದೆ ಐದು ರೂಮಿಗೆ ಒಟ್ಟಿಗೆ ಕಳಿಸಿದ್ರೂ ಸುಮಾರು 7 ಮೆಗಾಬಿಟ್ ಆಗತ್ತೆ ಅಷ್ಟೆ, ಅದನ್ನ ನಿಮ್ಮ ಹಳೇ ರೂಟರ್ರೇ ಆರಾಮಾಗಿ ಮಾಡತ್ತೆ. ಸಿಗ್ನಲ್ ವೀಕ್ ಇದ್ರೆ ಹಾಡು ಕಟ್ ಕಟ್ ಆಗತ್ತೆ, ಹೀಗೆ ನಿಧಾನಕ್ಕೆ ಜಾರ್ಕೊಂಡು ಹೋಗಲ್ಲ.

ನಿಮ್ಮ ಸಮಸ್ಯೆ ಸ್ಪೀಡಿಂದಲ್ಲ, ಟೈಮಿಂದು. ಪ್ರತಿ ಪ್ಲೇಯರ್ ಒಳಗೂ ಒಂದು ಕ್ವಾರ್ಟ್ಜ್ ಕ್ರಿಸ್ಟಲ್ ಇರತ್ತೆ, ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಚೂರು) ಅಂತ ಎಣಿಸಿ ಹೊರಗೆ ಬಿಡೋದು ಅದರ ತಾಳದ ಮೇಲೇ. ಆದ್ರೆ ಯಾವ ಎರಡು ಕ್ರಿಸ್ಟಲ್ಲೂ ಪಕ್ಕಾ ಒಂದೇ ವೇಗದಲ್ಲಿ ಓಡಲ್ಲ, ಒಟ್ಟಿಗೆ ಸರಿಮಾಡಿಟ್ಟ ಎರಡು ಗೋಡೆ ಗಡಿಯಾರ ಕೆಲವು ತಿಂಗಳಾದ್ಮೇಲೆ ಬೇರೆ ಬೇರೆ ಟೈಮ್ ತೋರಿಸಲ್ವಾ, ಹಾಗೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ರೂ ಸಾಕು, ಒಂದು ಗಂಟೇಲಿ 180 ಮಿಲಿಸೆಕೆಂಡ್ ಆಚೀಚೆ ಆಗತ್ತೆ. ಸದ್ದು ಅಷ್ಟು ಹೊತ್ತಲ್ಲಿ 60 ಮೀಟರ್ ಹೋಗಿರತ್ತೆ, ಅಂದ್ರೆ ನಿಮ್ಮ ಅಡುಗೆಮನೆ ಸ್ಪೀಕರನ್ನ ಎತ್ಕೊಂಡು ಹೋಗಿ ಬೀದಿ ಕೊನೇಲಿಟ್ಟಷ್ಟು ದೂರ. ಸುಮಾರು 30-40 ಮಿಲಿಸೆಕೆಂಡ್ ದಾಟಿದ್ರೇನೇ ಕಿವಿ ಅದನ್ನ ಎರಡು ಸದ್ದು ಅಂತ ಹಿಡಿಯಕ್ಕೆ ಶುರುಮಾಡತ್ತೆ, ತಂಬೂರಿ ಶ್ರುತೀಲಿ ಗೊತ್ತಾಗಲ್ಲ, ಮೃದಂಗದ ಪೆಟ್ಟು ಬಿದ್ದ ತಕ್ಷಣ ಗೊತ್ತಾಗ್ಬಿಡತ್ತೆ. ಶುರುವಲ್ಲಿ ಆಗೋ ವ್ಯತ್ಯಾಸ ಬೇರೆ, ಅದಕ್ಕೆ ಕಾರಣ ಬಫರ್: ಒಂದು ಪ್ಲೇಯರ್ ಹಾಡಿನ ಡೇಟಾ ಸ್ವಲ್ಪ ತುಂಬಿಸ್ಕೊಂಡು ಹಾಡಕ್ಕೆ ಶುರುಮಾಡತ್ತೆ, ಇನ್ನೊಂದು ಜಾಸ್ತಿ ತುಂಬಿಸ್ಕೊಳ್ಳತ್ತೆ.

ಡಿಎಲ್‌ಎನ್‌ಎನ ಬೈದು ಪ್ರಯೋಜನ ಇಲ್ಲ. 2003ರಲ್ಲಿ ಕಂಪನಿಗಳೆಲ್ಲ ಸೇರಿ ಅದನ್ನ ಶುರುಮಾಡಿದ್ದು ಒಂದು ಕಡೆ ಇರೋ ಫೈಲ್ ಇನ್ನೊಂದು ಕಡೆ ಪ್ಲೇ ಆಗ್ಲಿ ಅಂತ, ಆ ಕೆಲಸ ಅದು ಚೆನ್ನಾಗೇ ಮಾಡತ್ತೆ. ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳನ್ನ ಒಂದೇ ತಾಳದಲ್ಲಿ ಓಡ್ಸೋ ವಿಷ್ಯದಲ್ಲಿ ಮಾತ್ರ ಅದನ್ನ ನೆಚ್ಕೋಬೇಡಿ.

ಹಾಗಾದ್ರೆ ಏನ್ ಮಾಡ್ಬೇಕು? ಎಲ್ಲಾ ರೂಮನ್ನೂ ಒಂದೇ ಸಿಸ್ಟಮ್ ಕೆಳಗೆ ತನ್ನಿ, ಟೈಮ್ ಹೇಳೋದು ಅದೊಂದೇ ಆಗಿರ್ಬೇಕು. ನಾನು ಮೊದಲು ಹೇಳೋದು ಲಿರಿಯನ್ ಮ್ಯೂಸಿಕ್ ಸರ್ವರ್. ಸ್ಕ್ವೀಝ್‌ಬಾಕ್ಸ್ ಅನ್ನೋ ನೆಟ್‌ವರ್ಕ್ ಪ್ಲೇಯರ್‌ಗಳಿಗೆ ಹಾಡು ಕಳಿಸೋ ಸಾಫ್ಟ್‌ವೇರ್ ಇದು, ಸ್ಲಿಮ್ ಡಿವೈಸಸ್ ಮಾಡಿದ್ದು, 2006ರಲ್ಲಿ ಲಾಜಿಟೆಕ್ ಕಂಪನೀನೇ ಕೊಂಡ್ಕೊಂಡ್ರು, 2012ರಲ್ಲಿ ಪ್ಲೇಯರ್ ಮಾಡೋದು ನಿಲ್ಲಿಸಿದ್ರು, ಆದ್ರೆ ಸಾಫ್ಟ್‌ವೇರ್ ಓಪನ್ ಸೋರ್ಸ್ ಆಗಿದ್ರಿಂದ ಬಳಸೋರೇ ಅದನ್ನ ಉಳಿಸ್ಕೊಂಡ್ರು, 2024ರಿಂದ ಈ ಹೆಸರು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಪೈಕೋರ್‌ಪ್ಲೇಯರ್ ಅನ್ನೋ ಸಾಫ್ಟ್‌ವೇರ್ ಹಾಕಿ ನಿಮ್ಮ ಹಳೇ ಆಂಪ್ಲಿಫೈಯರ್‌ಗೆ ಚುಚ್ಚಿದ್ರೆ ಅದೇ ಒಂದು ನೆಟ್‌ವರ್ಕ್ ಪ್ಲೇಯರ್. ಸ್ನ್ಯಾಪ್‌ಕಾಸ್ಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕೂಡ ಚೆನ್ನಾಗಿದೆ, ಆಡಿಯೋದ ಪ್ರತಿ ತುಣುಕಿಗೂ ಟೈಮ್ ಬರೆದು ಕಳಿಸತ್ತೆ, ಪ್ಲೇಯರ್ ತಾನು ಹಿಂದೆ ಬಿದ್ರೆ ಒಂದೆರಡು ಸ್ಯಾಂಪಲ್ ಬಿಟ್ಟು, ಮುಂದೆ ಹೋದ್ರೆ ಸೇರಿಸಿ ಸರಿಮಾಡ್ಕೊಳ್ಳತ್ತೆ. ಅದರ ಡೀಫಾಲ್ಟ್ ಬಫರ್ 1,000 ಮಿಲಿಸೆಕೆಂಡ್, ಹಾಗಾಗಿ ಟಿವಿ ಸೌಂಡನ್ನ ಅದರ ಮೂಲಕ ಕಳಿಸಕ್ಕೆ ಹೋಗ್ಬೇಡಿ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗತ್ತೆ. ಮನೇಲೆಲ್ಲಾ ಆಪಲ್ ಫೋನೇ ಇದ್ರೆ 2018ರಲ್ಲಿ ಬಂದ, ಆಪಲ್‌ನ ಹಾಡು ಕಳಿಸೋ ಪದ್ಧತಿ ಏರ್‌ಪ್ಲೇ 2 ಇರೋ ಸ್ಪೀಕರ್ ತಗೊಳ್ಳಿ, ಕಂಪನಿ ಬೇರೆ ಬೇರೆ ಆದ್ರೂ ಒಟ್ಟಿಗೆ ಹಾಡ್ತವೆ. ಯಾವ್ದಾದ್ರೂ ಒಂದು ಆರಿಸ್ಕೊಳ್ಳಿ. ಹಾಲ್‌ಗೊಂದು ರೂಮ್‌ಗೊಂದು ಅಂತ ಬೆರೆಸಿದ್ರೆ ಮತ್ತೆ ಅದೇ ಎಕೋ, ಮತ್ತೆ ನನಗೇ ಪತ್ರ.

ಪೈಯಿಂದ ಮುಂದಕ್ಕೆ ಬ್ಲೂಟೂತ್ ಸ್ಪೀಕರ್ ಮಾತ್ರ ಹಾಕ್ಬೇಡಿ ದಯವಿಟ್ಟು, ಬ್ಲೂಟೂತ್ ಒಂದೇ 100-200 ಮಿಲಿಸೆಕೆಂಡ್ ತಿಂದ್ಹಾಕತ್ತೆ. ಎಲ್ಲಾ ಜೋಡಿಸಿದ್ಮೇಲೂ ಚೂರು ವ್ಯತ್ಯಾಸ ಉಳಿದ್ರೆ ಪ್ರತಿ ಪ್ಲೇಯರ್‌ಗೂ ಡಿಲೇ ಸೆಟ್ಟಿಂಗ್ ಇರತ್ತೆ, ಎರಡೂ ರೂಮಿನ ನಡುವೆ ಬಾಗಿಲಲ್ಲಿ ನಿಂತು ತನಿ ಆವರ್ತನ ಹಾಕಿ ಹತ್ತತ್ತು ಮಿಲಿಸೆಕೆಂಡ್ ಆಚೀಚೆ ಮಾಡ್ತಾ ಬನ್ನಿ, ಪೆಟ್ಟು ಒಂದೇ ಆದಾಗ ನಿಲ್ಸಿ.

ಇನ್ನೊಂದು ಎಚ್ಚರಿಕೆ, ಇದನ್ನ ನೀವು ಕೇಳದಿದ್ರೂ ಹೇಳ್ತೀನಿ. ಆಫೀಸಲ್ಲೂ ಮನೆ ಹಾಡು ಕೇಳ್ಬೇಕು ಅಂತ ಯಾವುದೋ ವಿಡಿಯೋ ನೋಡ್ಕೊಂಡು ರೂಟರ್‌ನಲ್ಲಿ 9000 ಪೋರ್ಟ್ (ಹೊರಗಿಂದ ಒಳಗೆ ಬರೋ ದಾರಿ) ಓಪನ್ ಮಾಡಿ ಲಿರಿಯನ್‌ನ ಇಂಟರ್ನೆಟ್‌ಗೆ ಬಿಡ್ತಾರೆ. ಅದಕ್ಕೆ ನೀವಾಗೇ ಹಾಕೋ ತನಕ ಪಾಸ್‌ವರ್ಡ್ ಇರಲ್ಲ, ಯಾರು ಬೇಕಾದ್ರೂ ಒಳಗೆ ಬರ್ಬೋದು. ಹೊರಗಿಂದ ಕೇಳ್ಲೇಬೇಕಂದ್ರೆ ವಿಪಿಎನ್ (ಹೊರಗಿಂದ ಮನೆ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ದಾರಿ) ಹಾಕ್ಕೊಳ್ಳಿ, ಅದು ಬರಲ್ಲ ಅಂದ್ರೆ ಫೋನಿಗೆ ನಾಲ್ಕು ಆಲ್ಬಂ ಕಾಪಿ ಮಾಡ್ಕೊಂಡು ಹೋಗಿ.

ಪ್ರಶ್ನೆ: ಆಡಿಯೋಫೈಲ್ (ಸದ್ದಿನ ಗುಣಮಟ್ಟದ ಹುಚ್ಚಿರೋರಿಗೆ ಅಂತ ಮಾರೋ) ಲ್ಯಾನ್ ಕೇಬಲ್ ಹಾಕಿದ್ರೆ ವೀಣೆಯ ಗಮಕ ಸ್ಪಷ್ಟ ಕೇಳತ್ತಂತೆ, ನಿಜಾನಾ?

ಉತ್ತರ: ಸುಳ್ಳು. ಕೇಬಲ್‌ನಲ್ಲಿ ಹೋಗೋದು ಡೇಟಾದ ಪ್ಯಾಕೆಟ್ಟು, ಕೆಟ್ಟು ಬಂದಿದ್ದನ್ನ ಪ್ಲೇಯರ್ ಎಸೆದು ಮತ್ತೆ ತರಿಸ್ಕೊಳ್ಳತ್ತೆ. ಸಾಮಾನ್ಯ ಕ್ಯಾಟ್ 6 ಸಾಕು, ಸಾವಿರಾರು ರೂಪಾಯಿಗೆ ಅದನ್ನ ಮಾರೋರು ಸಂಗೀತ ಪ್ರೀತಿಸೋರಿಗೆ ಮೋಸ ಮಾಡ್ತಿದಾರೆ.

ಪ್ರಶ್ನೆ: ಎಂಪಿ3ಗಳನ್ನೆಲ್ಲ ಫ್ಲ್ಯಾಕ್ ಮಾಡ್ಲಾ?

ಉತ್ತರ: ಬೇಡ, ಎಂಪಿ3 ಮಾಡುವಾಗ ಹೋದ ಕ್ವಾಲಿಟಿ ವಾಪಸ್ ಬರಲ್ಲ, ಡಿಸ್ಕ್ ತುಂಬತ್ತೆ ಅಷ್ಟೆ.

ಪ್ರಶ್ನೆ: ಫೋನ್ ಆಪ್‌ನಲ್ಲಿ ಸರ್ವರ್ರೇ ಕಾಣ್ಸಲ್ಲ.

ಉತ್ತರ: ಫೈಬರ್ ಕಂಪನಿ ಕೊಟ್ಟ ರೂಟರ್ ಒಂದು, ನೀವು ತಂದಿದ್ದು ಇನ್ನೊಂದು, ಫೋನ್ ಒಂದ್ರಲ್ಲಿ ಸರ್ವರ್ ಇನ್ನೊಂದ್ರಲ್ಲಿ. ನಿಮ್ಮದನ್ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಎರಡೂ ಸೇರಿ ಒಂದೇ ನೆಟ್‌ವರ್ಕ್ ಆಗತ್ತೆ. ಗೆಸ್ಟ್ ವೈಫೈನಲ್ಲಿದ್ರೂ ಕಾಣಲ್ಲ.

ಪ್ರಶ್ನೆ: ಅಪ್ಪ ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ಹಾಕಿಟ್ಟ ಭಾವಗೀತೆಗಳ ಹೆಸರು ಪ್ಲೇಯರ್‌ನಲ್ಲಿ ಏನೇನೋ ಇಂಗ್ಲಿಷ್ ಅಕ್ಷರವಾಗಿ ಕಾಣತ್ತೆ. ಡಿಲೀಟ್ ಮಾಡಿ ಬೇರೆ ಡೌನ್‌ಲೋಡ್ ಮಾಡ್ಕೊಳ್ಲಾ?

ಉತ್ತರ: ಖಂಡಿತ ಡಿಲೀಟ್ ಮಾಡ್ಬೇಡಿ! ಎಷ್ಟೋ ಕ್ಯಾಸೆಟ್ಟಿನ ಹಾಡು ಬೇರೆಲ್ಲೂ ಸಿಗಲ್ಲ. ಹಾಡು ಸರಿಯಾಗೇ ಇದೆ, ಹೆಸರು ಮಾತ್ರ ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿರ್ತಾರೆ, ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣೋದು. ಆ ಅಕ್ಷರಗಳನ್ನ ಕಾಪಿ ಮಾಡಿ ಯೂನಿಕೋಡ್ ಕನ್ವರ್ಟರ್‌ಗೆ ಹಾಕಿದ್ರೆ ಕನ್ನಡ ವಾಪಸ್ ಬರತ್ತೆ, ಅದನ್ನ ಟ್ಯಾಗ್ ಎಡಿಟರ್‌ನಲ್ಲಿ (ಫೈಲ್ ಒಳಗಿರೋ ಹಾಡಿನ ಹೆಸರು ತಿದ್ದೋ ಸಾಫ್ಟ್‌ವೇರ್) ಪೇಸ್ಟ್ ಮಾಡಿ. ಮೊದಲು ಇಡೀ ಫೋಲ್ಡರ್ ಇನ್ನೊಂದು ಡಿಸ್ಕ್‌ಗೆ ಕಾಪಿ, ಆಮೇಲೆ ಒಂದು ಆಲ್ಬಂ ಮೇಲೆ ಮಾತ್ರ ಪ್ರಯೋಗ, ಅರ್ಕಾವತ್ತು ಒತ್ತಕ್ಷರ ಎಲ್ಲಾ ಸರಿಯಾಗಿ ಬಂದಿದೆಯಾ ಅಂತ ಅಪ್ಪನ್ನೇ ಕೂರಿಸ್ಕೊಂಡು ಓದ್ಸಿ, ಆಮೇಲೆ ಮಿಕ್ಕಿದ್ದು.